ಹಳೆಯ ಡಾಂಬರು ರಸ್ತೆಗೆ ಹೊಸ ಪದರ: ದಪ್ಪವನ್ನು ಗೊತ್ತುಮಾಡುವ ಲೆಕ್ಕ



ತೋಟದ ಬೆಳೆಗಾರನಿಗೆ ರಸ್ತೆಯ ಲೆಕ್ಕವೇಕೆ ಎಂದು ಕೆಲವರು ಕೇಳಬಹುದು. ಕೊನೆ ಇಳಿಸಿದ ಹಸಿ ಅಡಿಕೆ ತೋಟದಲ್ಲಿ ಕಾದು ಕೂರುವ ಮಾಲಲ್ಲ. ಸುಲಿಯುವ, ಬೇಯಿಸುವ ಜಾಗಕ್ಕೆ ಬೇಗ ತಲುಪಬೇಕು. ಕಾಫಿ ಹಣ್ಣನ್ನು ಕೊಯ್ದ ದಿನವೇ ಪಲ್ಪರಿಗೆ ಹಾಕಿದರೆ ಮಾತ್ರ ಪಾರ್ಚ್‌ಮೆಂಟಿನ ಗುಣ ಉಳಿಯುತ್ತದೆ. ಚೇಣಿ ಹಿಡಿಯುವವನು ತೋಟವನ್ನು ನೋಡುವ ಮೊದಲು ರಸ್ತೆಯನ್ನು ನೋಡುತ್ತಾನೆ. ಲಾರಿ ಬರದ ದಾರಿಯಾದರೆ ಆ ಖರ್ಚನ್ನು ನಮ್ಮ ದರದಲ್ಲಿ ಮುರಿದುಕೊಳ್ಳುತ್ತಾನೆ. ಹೀಗೆ ರಸ್ತೆಯ ಗುಂಡಿಗೆ ತೆರುವ ಹಣ ಕೊನೆಗೆ ಬೆಳೆಗಾರನ ಜೇಬಿನದೇ ಆಗಿರುತ್ತದೆ.

ಮಳೆ ನಿಂತ ಮೇಲೆ ಪಂಚಾಯತಿಗಳಲ್ಲಿ ಮುಂದಿನ ವರ್ಷದ ಕಾಮಗಾರಿಗಳ ಪಟ್ಟಿ ತಯಾರಾಗುತ್ತದೆ. ಗ್ರಾಮಸಭೆಯಲ್ಲಿ ನಾವು ಎದ್ದು ನಿಂತು ‘ನಮ್ಮ ರಸ್ತೆಗೆ ಡಾಂಬರು ಹಾಕಿಸಿ’ ಎಂದು ಕೇಳುತ್ತೇವೆ. ಎಷ್ಟು ದಪ್ಪ, ಯಾವ ಭಾಗಕ್ಕೆ, ಯಾವುದರ ಮೇಲೆ ಎಂದು ಕೇಳುವುದಿಲ್ಲ. ಬೇಸಿಗೆಯಲ್ಲಿ ಕಪ್ಪಗೆ ಹೊಳೆಯುವ ತೆಳು ಪದರ ಬರುತ್ತದೆ. ಎರಡು ಮಳೆಗಾಲ ಕಳೆಯುವುದರೊಳಗೆ ಅದೇ ಜಾಗದಲ್ಲಿ ಅದೇ ಗುಂಡಿ ಏಳುತ್ತದೆ. ಒಮ್ಮೆ ಹಣ ಬಂದು ಹೋದ ರಸ್ತೆಗೆ ಮತ್ತೆ ಹಣ ಬರಲು ಹಲವು ವರ್ಷ ಕಾಯಬೇಕು. ಆದುದರಿಂದ ಹಳೆಯ ರಸ್ತೆಯ ಬಲವನ್ನು ಅಳೆಯುವುದು ಹೇಗೆ, ಮೇಲೆ ಹಾಸುವ ಪದರದ ದಪ್ಪವನ್ನು ಗೊತ್ತುಮಾಡುವುದು ಹೇಗೆ ಎಂಬುದನ್ನು ಈ ಸಂಚಿಕೆಯ ಪಾಠವಾಗಿ ಕೊಡುತ್ತಿದ್ದೇವೆ. ಎಂಜಿನಿಯರರ ಕೆಲಸವನ್ನು ನಾವು ಮಾಡಬೇಕೆಂದಲ್ಲ. ಅವರ ಅಂದಾಜು ಪಟ್ಟಿಯನ್ನು ಓದಿ ತಿಳಿಯುವಷ್ಟು ಶಕ್ತಿ ನಮಗಿರಬೇಕು.

ನಮ್ಮ ಸೀಮೆಯ ರಸ್ತೆಗಳು

ತುಮಕೂರಿನ ಮರಳೂರಿನಿಂದ ಗೂಳೂರು, ಹೆಬ್ಬೂರುಗಳನ್ನು ದಾಟಿ ಕುಣಿಗಲ್ಲಿಗೆ ಹೋಗುವ ದಾರಿ ಎಲ್ಲರಿಗೂ ಗೊತ್ತು. ಇದು ಮಳವಳ್ಳಿಯಿಂದ ಮದ್ದೂರು, ಕುಣಿಗಲ್, ತುಮಕೂರು, ಕೊರಟಗೆರೆ, ಮಧುಗಿರಿಗಳ ಮೂಲಕ ಪಾವಗಡಕ್ಕೆ ಹೋಗುವ 33ನೆಯ ರಾಜ್ಯ ಹೆದ್ದಾರಿಯ ಒಂದು ತುಂಡು. ಗುಬ್ಬಿಯ ಕಡೆಗೆ ತಿಪಟೂರು, ಅರಸೀಕೆರೆಗಳತ್ತ ಹೋಗುವ ಹೆದ್ದಾರಿ ಇದೆ. ಹಿಂದೆ ಇದಕ್ಕೆ 206ನೆಯ ರಾಷ್ಟ್ರೀಯ ಹೆದ್ದಾರಿ ಎಂದು ಹೆಸರಿತ್ತು. ಕುಣಿಗಲ್ ಬೆಂಗಳೂರು–ಮಂಗಳೂರು ಹೆದ್ದಾರಿಯ ಮೇಲಿದೆ. ಅದರ ಹಳೆಯ ಸಂಖ್ಯೆ 48, ಈಗ 75. ಇಂಥ ದೊಡ್ಡ ರಸ್ತೆಗಳಿಗೆ ಅಳತೆ, ಪರೀಕ್ಷೆ, ವಿನ್ಯಾಸ ಎಲ್ಲವೂ ಇರುತ್ತವೆ. ನಮ್ಮ ಚಿಂತೆ ಇವುಗಳಿಂದ ಕವಲೊಡೆದು ತೋಟಗಳಿಗೆ ಹೋಗುವ 3 ಮೀಟರ್, 3.75 ಮೀಟರ್ ಅಗಲದ ರಸ್ತೆಗಳದ್ದು.

ಈ ಕವಲು ರಸ್ತೆಗಳಿಗೆ ಒಂದು ವಿಶೇಷವಿದೆ. ಒಂದೇ ರಸ್ತೆ ಸ್ವಲ್ಪ ದೂರ ದಿಣ್ಣೆಯ ಮೇಲೆ ಕೆಂಪು ಗರಸು ಮಣ್ಣಿನಲ್ಲಿ ಹೋಗುತ್ತದೆ. ಮುಂದೆ ಕೆರೆಯ ಕೆಳಗೆ, ಅಚ್ಚುಕಟ್ಟಿನ ಜೇಡಿ ಮಣ್ಣಿನಲ್ಲಿ, ಅಡಿಕೆ ತೋಟಗಳ ನಡುವೆ ಸಾಗುತ್ತದೆ. ಹೇಮಾವತಿ ನಾಲೆಯ ನೀರು ಬಂದ ಕಡೆ ಬೇಸಿಗೆಯಲ್ಲೂ ಜೌಗು ಇರುವ ಜಾಗಗಳಿವೆ. ಮೇಲಿನಿಂದ ನೋಡಿದರೆ ಎರಡೂ ಕಡೆ ಕಪ್ಪು ಡಾಂಬರೇ. ಒಳಗಿನ ಬಲದಲ್ಲಿ ಮಾತ್ರ ಅಜಗಜಾಂತರ. ಪಾಠದ ತಿರುಳು ಇಲ್ಲಿದೆ.

ರಸ್ತೆ ಹೊರೆಯನ್ನು ಹೊರುವ ಬಗೆ

ನಾವು ಟಾರು, ಡಾಂಬರು ಎಂದು ಕರೆಯುವ ಪದಾರ್ಥ ಈಗ ಬಹುಮಟ್ಟಿಗೆ ಬಿಟುಮೆನ್. ಕಚ್ಚಾ ತೈಲವನ್ನು ಶುದ್ಧೀಕರಿಸಿದಾಗ ತಳದಲ್ಲಿ ಉಳಿಯುವ ವಸ್ತು. ನಿಜವಾದ ಟಾರು ಕಲ್ಲಿದ್ದಲಿನಿಂದ ಬರುವುದು. ಹೆಸರು ಹಳೆಯದಾಗಿಯೇ ಉಳಿದುಕೊಂಡಿದೆ.

ರಸ್ತೆಯ ತಳದಲ್ಲಿ ಅದುಮಿದ ಮಣ್ಣು, ಅದರ ಮೇಲೆ ಗರಸು, ಅದರ ಮೇಲೆ ಜಲ್ಲಿಯ ಹಾಸು, ಎಲ್ಲಕ್ಕೂ ಮೇಲೆ ಡಾಂಬರಿನ ಪದರ. ಚಕ್ರದ ಭಾರ ಮೇಲೆ ಅಂಗೈಯಷ್ಟು ಜಾಗದಲ್ಲಿ ಬೀಳುತ್ತದೆ. ಪದರದಿಂದ ಪದರಕ್ಕೆ ಹರಡಿಕೊಂಡು ಮಣ್ಣನ್ನು ತಲುಪುವಾಗ ಹಗುರವಾಗಿರಬೇಕು. ಹೀಗೆ ಹರಡುವ ಕೆಲಸವನ್ನು ಮಾಡುವುದು ಪದರಗಳ ಒಟ್ಟು ದಪ್ಪ. ಮಣ್ಣು ಮೆತ್ತಗಾದಷ್ಟೂ ಮೇಲಿನ ದಪ್ಪ ಹೆಚ್ಚು ಬೇಕು.

ಹಳ್ಳಿ ರಸ್ತೆಗಳಿಗೆ ಸಾಮಾನ್ಯವಾಗಿ ಹಾಕುವ 20 ಮಿ.ಮೀ. ಪ್ರೀಮಿಕ್ಸ್ ಕಾರ್ಪೆಟ್ ರಸ್ತೆಗೆ ಹೊದಿಕೆ ಮಾತ್ರ. ನೀರು ಇಳಿಯದಂತೆ, ಜಲ್ಲಿ ಏಳದಂತೆ, ಧೂಳಾಗದಂತೆ ಅದು ಕಾಯುತ್ತದೆ. ವಿನ್ಯಾಸ ಮಾಡುವವರು ಅದನ್ನು ಬಲದ ಲೆಕ್ಕಕ್ಕೆ ಹಿಡಿಯುವುದಿಲ್ಲ. ಸೋರುವ ಮಾಡಿಗೆ ಹೆಂಚು ಕೈಯಾಡಿಸುವುದು ಬೇರೆ, ಗೆದ್ದಲು ಹಿಡಿದ ತೊಲೆಯನ್ನು ಬದಲಿಸುವುದು ಬೇರೆ. ಹಾಗೆಯೇ ಹೊಸ ಪದರದಲ್ಲೂ ಎರಡು ಬಗೆ: ಮೈ ಸರಿಪಡಿಸುವ ಪದರ, ಬಲ ತುಂಬುವ ಪದರ. ನಮ್ಮ ರಸ್ತೆಗೆ ಯಾವುದು ಬೇಕು ಎಂಬುದು ಮೊದಲ ಪ್ರಶ್ನೆ.

ಕಣ್ಣಿನ ಪರೀಕ್ಷೆ

ಉಪಕರಣ ಬರುವ ಮೊದಲು ಕಣ್ಣಿಂದಲೇ ಸಾಕಷ್ಟು ತಿಳಿಯಬಹುದು. ಸದಸ್ಯರು ತಮ್ಮ ರಸ್ತೆಯಲ್ಲಿ ಒಂದು ಬೆಳಿಗ್ಗೆ ನಡೆದು ಕೆಳಗಿನವನ್ನು ಬರೆದುಕೊಳ್ಳಲಿ.

1. ಮೇಲಿನ ಸಣ್ಣ ಜಲ್ಲಿ ಕಿತ್ತು ಅಂಚಿಗೆ ಸೇರುತ್ತಿದೆ, ಆದರೆ ರಸ್ತೆ ಸಮವಾಗಿದೆ. ಇದು ಮೈಯ ರೋಗ. ಡಾಂಬರು ಒಣಗಿದೆ ಅಥವಾ ಮೊದಲೇ ಕಡಿಮೆ ಬಿದ್ದಿದೆ. ತೆಳು ಪದರ ಸಾಕು.

2. ಚಕ್ರ ಓಡುವ ಜಾಡಿನಲ್ಲಿ ಮೊಸಳೆಯ ಚರ್ಮದಂತೆ ಚೌಕ ಚೌಕ ಬಿರುಕು. ಇದು ಒಳಗಿನ ರೋಗ. ಹೊರೆ ಬಿದ್ದಾಗಲೆಲ್ಲ ರಸ್ತೆ ಜಗ್ಗಿ ಜಗ್ಗಿ ಡಾಂಬರು ಒಡೆದಿದೆ. ಇದರ ಮೇಲೆ ತೆಳು ಪದರ ಹಾಕಿದರೆ ಕೆಳಗಿನ ಬಿರುಕು ಸ್ವಲ್ಪ ದಿನದಲ್ಲೇ ಮೇಲಕ್ಕೆ ಕಾಣಿಸಿಕೊಳ್ಳುತ್ತದೆ.

3. ಚಕ್ರದ ಜಾಡು ಹಳ್ಳವಾಗಿದೆ. ನೇರವಾದ ಒಂದು ಪಟ್ಟಿಯನ್ನು ಅಡ್ಡ ಇಟ್ಟು ಹಳ್ಳದ ಆಳ ಅಳೆಯಿರಿ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾರ್ಗಸೂಚಿಯಂತೆ ಬಿರುಕಿಲ್ಲದೆ 10 ಮಿ.ಮೀ.ಗಿಂತ ಕಡಿಮೆ ಹಳ್ಳವಿದ್ದರೆ ರಸ್ತೆ ಉತ್ತಮ. 10ರಿಂದ 20 ಮಿ.ಮೀ. ಇದ್ದರೆ ಮಧ್ಯಮ; 20 ಮಿ.ಮೀ. ದಾಟಿದರೆ ಅಥವಾ ಬಿರುಕು ವಿಪರೀತವಾಗಿದ್ದರೆ ಕಳಪೆ.

4. ಅಂಚು ಮುರಿದು ರಸ್ತೆ ಕಿರಿದಾಗಿದೆ. ಪಕ್ಕದ ಮಣ್ಣು ಕೊಚ್ಚಿಹೋಗಿದೆ ಎಂದರ್ಥ. ಡಾಂಬರಿಗಿಂತ ಮೊದಲು ಪಕ್ಕಕ್ಕೆ ಗರಸು ಬೇಕು.

5. ಪ್ರತಿ ವರ್ಷ ಒಂದೇ ಜಾಗದಲ್ಲಿ ಗುಂಡಿ. ಅಲ್ಲಿ ನೀರು ನಿಲ್ಲುತ್ತಿದೆ. ಗುಂಡಿ ಮುಚ್ಚುವ ಮೊದಲು ನೀರಿನ ದಾರಿಯನ್ನು ಹುಡುಕಬೇಕು.

ಹೊರೆಯ ಲೆಕ್ಕ

ರಸ್ತೆಯನ್ನು ಕೆಡಿಸುವುದು ಲಾರಿಯ ಒಟ್ಟು ತೂಕಕ್ಕಿಂತ ಒಂದೊಂದು ಅಚ್ಚಿನ ಮೇಲೆ ಬೀಳುವ ತೂಕ. ಅಮೆರಿಕದ ಇಲಿನಾಯ್ ರಾಜ್ಯದ ಒಟ್ಟಾವಾ ಬಳಿ 1958ರಿಂದ 1960ರವರೆಗೆ, ಬೇರೆ ಬೇರೆ ದಪ್ಪದ ರಸ್ತೆಗಳನ್ನು ಕಟ್ಟಿ, ಅವುಗಳ ಮೇಲೆ ಹೊರೆ ಲಾರಿಗಳನ್ನು ಹಗಲಿರುಳು ಓಡಿಸಿ ಪರೀಕ್ಷೆ ಮಾಡಿದರು. ಅಲ್ಲಿ ಕಂಡುಬಂದ ನಿಯಮವನ್ನು ‘ನಾಲ್ಕನೆಯ ಘಾತದ ನಿಯಮ’ ಎನ್ನುತ್ತಾರೆ. ಅಚ್ಚಿನ ಭಾರ ಎರಡರಷ್ಟಾದರೆ ರಸ್ತೆಯ ಹಾನಿ ಎರಡರಷ್ಟಲ್ಲ. 2×2×2×2, ಅಂದರೆ ಸುಮಾರು 16ರಷ್ಟು ಆಗುತ್ತದೆ.

ಲೆಕ್ಕಕ್ಕೆ ಆಧಾರವಾಗಿ ಸುಮಾರು 8.16 ಟನ್ ಭಾರದ ಅಚ್ಚನ್ನು ‘ಪ್ರಮಾಣ ಅಚ್ಚು’ ಎಂದು ಹಿಡಿದಿದ್ದಾರೆ. ಇದರ ಹತ್ತನೆಯ ಒಂದು ಭಾಗ ತೂಗುವ ಕಾರಿನ ಅಚ್ಚು ಮಾಡುವ ಹಾನಿ ಹತ್ತು ಸಾವಿರದ ಒಂದು ಪಾಲು. ನಮ್ಮ ಬೈಕು, ಕಾರು, ಹಾಲಿನ ಆಟೋಗಳಿಂದ ರಸ್ತೆ ಕೆಡುವುದಿಲ್ಲ ಎಂದೇ ಹೇಳಬಹುದು. ನಾಲ್ಕು ಟೈರಿನ ಒಂಟಿ ಅಚ್ಚಿಗೆ ಕಾನೂನು ಒಪ್ಪುವ ಭಾರ 2018ರಲ್ಲಿ 10.2 ಟನ್ನಿನಿಂದ 11.5 ಟನ್ನಿಗೆ ಏರಿತು. ಭಾರ ಹೆಚ್ಚಿದ್ದು 1.3 ಟನ್, ಒಂದು ಓಡಾಟದ ಹಾನಿಯಾದರೋ ಸುಮಾರು 2.4 ಪ್ರಮಾಣ ಅಚ್ಚುಗಳಿಂದ ಸುಮಾರು 3.9ಕ್ಕೆ ಏರಿತು. ಇದು ಕಾನೂನಿನ ಮಿತಿಯೊಳಗಿನ ಮಾತು.

ಈಗ ನಮ್ಮ ತೋಟದ ಬಾಗಿಲಿಗೆ ಬರೋಣ. ಅಡಿಕೆ ತೋಟಕ್ಕೆ ಕೆರೆಯ ಗೋಡು, ಕೆಮ್ಮಣ್ಣು ಹೊಡೆಸುವುದು ನಮ್ಮಲ್ಲಿ ವಾಡಿಕೆ. ಟಿಪ್ಪರಿನವನು ಲೋಡಿನ ಲೆಕ್ಕದಲ್ಲಿ ಹಣ ಕೇಳುತ್ತಾನಾದ್ದರಿಂದ ನಾವು ಗೋಪುರದಂತೆ ತುಂಬಿಸುತ್ತೇವೆ. ಹಿಂದಿನ ಅಚ್ಚಿಗೆ 16 ಟನ್ ಬಿದ್ದರೆ ಆ ಒಂದು ಓಡಾಟ ಸುಮಾರು 15 ಪ್ರಮಾಣ ಅಚ್ಚುಗಳಿಗೆ ಸಮ. ಅದೇ ಅಚ್ಚಿಗೆ 8 ಟನ್ ಬೀಳುವಂತೆ ತುಂಬಿಸಿದರೆ ಹಾನಿ ಒಂದಕ್ಕಿಂತ ಕಡಿಮೆ. ಓಡಾಟ ಮೂರರಷ್ಟು ಹೆಚ್ಚಿದರೂ ಹಾನಿ ಐದನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಅಂಥ ಲೋಡು ಮಳೆಗಾಲದಲ್ಲಿ, ರಸ್ತೆಯ ಬುಡ ನೆನೆದಿರುವಾಗ ಬಂದರೆ ನಷ್ಟ ಇನ್ನೂ ಹೆಚ್ಚು.

ಜಗ್ಗನ್ನು ಅಳೆಯುವ ತೊಲೆ

ರಸ್ತೆಯ ಬಲವನ್ನು ಅಗೆಯದೆಯೇ ಅಳೆಯುವ ಉಪಕರಣಕ್ಕೆ ಬೆಂಕೆಲ್‌ಮನ್ ತೊಲೆ ಎಂದು ಹೆಸರು. ಅಮೆರಿಕದ ರಸ್ತೆ ಇಲಾಖೆಯ ಎ.ಸಿ. ಬೆಂಕೆಲ್‌ಮನ್ 1950ರ ದಶಕದ ಆರಂಭದಲ್ಲಿ ಇದನ್ನು ರೂಪಿಸಿದರು. ನಮ್ಮ ಹಿರಿಯರ ಏತವನ್ನು ನೆನೆದರೆ ಇದು ತಕ್ಷಣ ಅರ್ಥವಾಗುತ್ತದೆ. 3.66 ಮೀಟರ್ ಉದ್ದದ ಸಪುರ ತೊಲೆ, ಮೂತಿಯಿಂದ 2.44 ಮೀಟರ್ ದೂರದಲ್ಲಿ ಕೀಲು, ಉಳಿದ 1.22 ಮೀಟರಿನ ಬಾಲದ ಕೆಳಗೆ ಮಿಲಿಮೀಟರಿನ ನೂರನೆಯ ಒಂದು ಭಾಗವನ್ನೂ ತೋರಿಸುವ ಗಡಿಯಾರದಂಥ ಮಾಪಕ. ಮೂತಿಯ ಕಡೆಯ ಉದ್ದ ಬಾಲದ ಎರಡರಷ್ಟು ಇರುವುದರಿಂದ ಮಾಪಕದ ಅಂಕಿಯನ್ನು ಎರಡರಿಂದ ಗುಣಿಸಬೇಕು.

ಹಿಂದಿನ ಅಚ್ಚಿನ ಮೇಲೆ 8,170 ಕಿಲೋ ಬೀಳುವಂತೆ ಹೊರೆ ತುಂಬಿದ ಲಾರಿಯನ್ನು ನಿಲ್ಲಿಸಿ, ಜೋಡಿ ಟೈರುಗಳ ಸಂದಿಯಲ್ಲಿ ತೊಲೆಯ ಮೂತಿಯನ್ನು ಇಡುತ್ತಾರೆ. ಒಂದು ಅಂಕಿ ಬರೆದುಕೊಳ್ಳುತ್ತಾರೆ. ಲಾರಿ ನಿಧಾನವಾಗಿ ಮುಂದೆ ಸರಿದು 2.7 ಮೀಟರಿನಲ್ಲಿ ನಿಂತಾಗ ಒಂದು ಅಂಕಿ, ಇನ್ನೂ 9 ಮೀಟರ್ ಹೋದ ಮೇಲೆ ಕೊನೆಯ ಅಂಕಿ. ಭಾರ ತೆಗೆದಾಗ ರಸ್ತೆ ಎಷ್ಟು ಮೇಲೆದ್ದಿತೋ ಅದೇ ಅದರ ಜಗ್ಗು. ಮಾಪಕದಲ್ಲಿ 0.81 ಮಿ.ಮೀ. ವ್ಯತ್ಯಾಸ ಬಂದರೆ ಜಗ್ಗು 1.62 ಮಿ.ಮೀ. ಕಣ್ಣಿಗೆ ಕಾಣದಷ್ಟು ಚಿಕ್ಕ ಅಳತೆಯಾದರೂ ರಸ್ತೆಯ ಆಯುಷ್ಯ ಅದರಲ್ಲಿ ಅಡಗಿದೆ.

ಗಮನಿಸಬೇಕಾದ ನಿಯಮಗಳು ಇವು:

ಒಂದು ಏಕರೂಪ ಭಾಗಕ್ಕೆ ಕನಿಷ್ಠ 10 ಕಡೆ, ಹೆಚ್ಚೆಂದರೆ 50 ಮೀಟರಿಗೊಂದರಂತೆ ಅಳೆಯಬೇಕು. ರಸ್ತೆಯ ಪಥ 3.5 ಮೀಟರಿಗಿಂತ ಕಿರಿದಾಗಿದ್ದರೆ ಅಂಚಿನಿಂದ 60 ಸೆಂ.ಮೀ., ಅಗಲವಾಗಿದ್ದರೆ 90 ಸೆಂ.ಮೀ. ಒಳಗೆ ಮೂತಿ ಇಡಬೇಕು.

ಬಿಸಿಲಿಗೆ ಡಾಂಬರು ಮೆತ್ತಗಾಗುತ್ತದೆ. ಆದ್ದರಿಂದ ದಪ್ಪ ಡಾಂಬರು ಪದರವಿದ್ದರೆ 35 ಡಿಗ್ರಿಯನ್ನು ಪ್ರಮಾಣವಾಗಿಟ್ಟು, ಪ್ರತಿ ಡಿಗ್ರಿ ವ್ಯತ್ಯಾಸಕ್ಕೆ 0.01 ಮಿ.ಮೀ. ತಿದ್ದುತ್ತಾರೆ, ಬಿಸಿ ಹೆಚ್ಚಿದ್ದರೆ ಕಳೆಯುವುದು, ಕಡಿಮೆಯಿದ್ದರೆ ಕೂಡಿಸುವುದು. ಜಲ್ಲಿಯ ಮೇಲೆ ತೆಳು ಕಾರ್ಪೆಟ್ ಮಾತ್ರವಿರುವ ನಮ್ಮ ರಸ್ತೆಗಳಿಗೆ ಈ ತಿದ್ದುಪಡಿ ಬೇಡ.

ಅಳತೆಗೆ ಸರಿಯಾದ ಕಾಲ ಮಳೆ ಮುಗಿದ ಕೂಡಲೇ, ಮಣ್ಣು ಅತಿ ದುರ್ಬಲವಾಗಿರುವಾಗ. ಬೇಸಿಗೆಯಲ್ಲಿ ಅಳೆದರೆ ರಸ್ತೆ ಗಟ್ಟಿಯಾಗಿ ತೋರುತ್ತದೆ. ಆಗ ತೇವದ ತಿದ್ದುಪಡಿಯನ್ನು ಸೇರಿಸಲೇಬೇಕು. ಈ ತಿದ್ದುಪಡಿಗೆ ವರ್ಷಕ್ಕೆ 1300 ಮಿ.ಮೀ. ಮಳೆಯನ್ನು ಗಡಿಯಾಗಿ ಹಿಡಿಯುತ್ತಾರೆ. ತುಮಕೂರು, ಗುಬ್ಬಿ, ಕುಣಿಗಲ್‌ಗಳು ಕಡಿಮೆ ಮಳೆಯ ಗುಂಪಿಗೂ ಮಲೆನಾಡಿನ ಕಾಫಿ ಸೀಮೆ ಹೆಚ್ಚು ಮಳೆಯ ಗುಂಪಿಗೂ ಸೇರುತ್ತವೆ.

ದಪ್ಪದ ಲೆಕ್ಕ

1934ರಲ್ಲಿ ಸ್ಥಾಪನೆಯಾದ ಭಾರತೀಯ ರಸ್ತೆ ಕಾಂಗ್ರೆಸ್ಸು ಈ ವಿಧಾನಕ್ಕೆ 1981ರಲ್ಲಿ ತನ್ನ 81ನೆಯ ಸಂಖ್ಯೆಯ ಮಾರ್ಗಸೂಚಿಯನ್ನು ಹೊರತಂದು, 1997ರಲ್ಲಿ ಪರಿಷ್ಕರಿಸಿತು. ಅದರಲ್ಲಿ ನಕ್ಷೆಯ ಗೆರೆಗಳಿಂದ ದಪ್ಪವನ್ನು ಓದುತ್ತಾರೆ. 2014ರಲ್ಲಿ ಬಂದ 115ನೆಯ ಮಾರ್ಗಸೂಚಿ ಭಾರವನ್ನು ಬೀಳಿಸಿ ಜಗ್ಗಿನ ಆಕಾರವನ್ನೇ ಅಳೆಯುವ ಹೊಸ ಯಂತ್ರಕ್ಕೆ ಸಂಬಂಧಿಸಿದ್ದು; ದೊಡ್ಡ ಹೆದ್ದಾರಿಗಳಿಗೆ ಇದು ಬಳಕೆಯಲ್ಲಿದೆ. ಕಲಿಯುವವರಿಗೆ ಸುಲಭವಾದದ್ದು ಹಳೆಯ ಸೂತ್ರ. ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಸಿ.ಇ.ಜಿ. ಜಸ್ಟೊ ಅವರು ಎಸ್.ಕೆ. ಖನ್ನಾ ಅವರೊಡನೆ ಬರೆದ ‘ಹೈವೇ ಎಂಜಿನಿಯರಿಂಗ್’ ಪಠ್ಯಪುಸ್ತಕದಿಂದ ಎಷ್ಟೋ ತಲೆಮಾರಿನ ಎಂಜಿನಿಯರರು ಇದನ್ನು ಕಲಿತಿದ್ದಾರೆ. ಸೂತ್ರ ಹೀಗಿದೆ:

ಜಲ್ಲಿ ಪದರದ ದಪ್ಪ (ಮಿ.ಮೀ.) = 550 × ಲಾಗ್ (ರಸ್ತೆಯ ಜಗ್ಗು ÷ ಒಪ್ಪಬಹುದಾದ ಜಗ್ಗು)

ಡಾಂಬರು ಬೆರೆತ ಪದರವಾದರೆ ಇದರ ಅರ್ಧ ಸಾಕು.

ಒಪ್ಪಬಹುದಾದ ಜಗ್ಗು ಸಂಚಾರವನ್ನು ಅವಲಂಬಿಸಿದೆ. ಹೊರೆಸಹಿತ 3 ಟನ್ ಮೀರುವ ವಾಹನಗಳು ದಿನಕ್ಕೆ 150ರಿಂದ 450 ಇದ್ದರೆ 1.50 ಮಿ.ಮೀ.; 450ರಿಂದ 1500 ಇದ್ದರೆ 1.25, 1500ರಿಂದ 4500 ಇದ್ದರೆ 1.00. ಇಂದಿನ ಸಂಖ್ಯೆಯನ್ನಲ್ಲ, ಹತ್ತು ವರ್ಷದ ಮುಂದಿನ ಸಂಖ್ಯೆಯನ್ನು ಹಿಡಿಯಬೇಕು. ವರ್ಷಕ್ಕೆ ನೂರಕ್ಕೆ ಏಳೂವರೆಯಂತೆ ಬೆಳೆದರೆ ಇಂದಿನ 150 ವಾಹನ ಹತ್ತು ವರ್ಷಕ್ಕೆ ಸುಮಾರು 309 ಆಗುತ್ತದೆ.

ಲಾಗ್ ಪಟ್ಟಿ ಕೈಯಲ್ಲಿಲ್ಲದವರಿಗೆ ಸಿದ್ಧ ಲೆಕ್ಕ:

ಜಗ್ಗಿನ ಪ್ರಮಾಣ 1.1 ಆದರೆ: ಜಲ್ಲಿ 23 ಮಿ.ಮೀ., ಡಾಂಬರು ಪದರ ಸುಮಾರು 12
1.2 ಆದರೆ: ಜಲ್ಲಿ 44, ಡಾಂಬರು ಪದರ 22
1.4 ಆದರೆ: ಜಲ್ಲಿ 80, ಡಾಂಬರು ಪದರ 40
1.67 ಆದರೆ: ಜಲ್ಲಿ 122, ಡಾಂಬರು ಪದರ 61
2.0 ಆದರೆ: ಜಲ್ಲಿ 166, ಡಾಂಬರು ಪದರ 83

ಮಾಡಿ ನೋಡುವ ಲೆಕ್ಕ

ಅಭ್ಯಾಸಕ್ಕಾಗಿ 2 ಕಿ.ಮೀ. ಉದ್ದದ ಒಂದು ತೋಟದ ರಸ್ತೆಯನ್ನು ಊಹಿಸಿಕೊಳ್ಳೋಣ. ಅಗಲ 3.75 ಮೀಟರ್. ಮೊದಲ ಕಿಲೋಮೀಟರ್ ದಿಣ್ಣೆಯ ಮೇಲೆ, ಎರಡನೆಯದು ಕೆರೆಯ ಕೆಳಗೆ. ಅಂಕಿಗಳು ನಾವು ಪಾಠಕ್ಕೆಂದು ಇಟ್ಟುಕೊಂಡವು.

ದಿಣ್ಣೆಯ ಭಾಗದ ಹತ್ತು ಅಳತೆಗಳು: 1.40, 1.62, 1.55, 1.80, 1.48, 1.70, 1.92, 1.58, 1.66, 1.49 ಮಿ.ಮೀ. ಒಟ್ಟು 16.20, ಸರಾಸರಿ 1.62.

ಸರಾಸರಿಯನ್ನೇ ಹಿಡಿದು ವಿನ್ಯಾಸ ಮಾಡಿದರೆ ಸುಮಾರು ಅರ್ಧ ರಸ್ತೆ ಅದಕ್ಕಿಂತ ದುರ್ಬಲವಾಗಿಯೇ ಉಳಿಯುತ್ತದೆ. ಆದುದರಿಂದ ಅಳತೆಗಳ ಏರುಪೇರನ್ನೂ ಸೇರಿಸಬೇಕು. ‘ಮಾನಕ ವಿಚಲನೆ’ ಎಂದರೆ ಇದೇ. ಪ್ರತಿ ಅಳತೆಯಿಂದ ಸರಾಸರಿಯನ್ನು ಕಳೆದು, ವರ್ಗ ಮಾಡಿ, ಕೂಡಿಸಿ, 9ರಿಂದ ಭಾಗಿಸಿ, ವರ್ಗಮೂಲ ತೆಗೆದರೆ ಇಲ್ಲಿ 0.16 ಬರುತ್ತದೆ. ಹಳ್ಳಿ ರಸ್ತೆಗಳಿಗೆ ಇದನ್ನು ಒಮ್ಮೆ, ರಾಷ್ಟ್ರೀಯ ಮತ್ತು ರಾಜ್ಯ ಹೆದ್ದಾರಿಗಳಿಗೆ ಎರಡು ಬಾರಿ ಕೂಡಿಸುವುದು ಪದ್ಧತಿ. 1.62 + 0.16 = 1.78.

1.78 ÷ 1.50 = 1.19. ಸೂತ್ರದಂತೆ ಜಲ್ಲಿ ಸುಮಾರು 41 ಮಿ.ಮೀ.; ಡಾಂಬರು ಪದರವಾದರೆ ಸುಮಾರು 20 ಮಿ.ಮೀ.

ಕೆರೆಯ ಕೆಳಗಿನ ಭಾಗದಲ್ಲಿ ಸರಾಸರಿ 2.20, ಏರುಪೇರು 0.30 ಎಂದಿರಲಿ. ಕೂಡಿದರೆ 2.50. ಇದನ್ನು 1.50ರಿಂದ ಭಾಗಿಸಿದರೆ 1.67. ಜಲ್ಲಿ 122 ಮಿ.ಮೀ.; ಡಾಂಬರು ಪದರವಾದರೆ 61 ಮಿ.ಮೀ.

ಒಂದೇ ರಸ್ತೆ, ಒಂದೇ ಸಂಚಾರ. ಒಂದು ಕಡೆ 20, ಇನ್ನೊಂದು ಕಡೆ 61. ಇಡೀ ರಸ್ತೆಗೆ ಸಮನಾಗಿ 40 ಮಿ.ಮೀ. ಹಂಚಿದರೆ ನ್ಯಾಯವಾಗಿ ಕಾಣುತ್ತದೆ. ಫಲವೇನೆಂದರೆ ದಿಣ್ಣೆಯಲ್ಲಿ ಅರ್ಧ ಪದರ ದಂಡ, ಕೆರೆಯ ಕೆಳಗೆ ಮೂರನೆಯ ಒಂದು ಭಾಗ ಕೊರತೆ. ಮೊದಲು ಒಡೆಯುವುದು ಕೆರೆಯ ಕೆಳಗಿನದು. ಅಲ್ಲಿ ಲಾರಿ ನಿಂತರೆ ದಿಣ್ಣೆಯ ರಸ್ತೆ ಎಷ್ಟು ಚೆನ್ನಾಗಿದ್ದರೂ ಮಾಲು ಮುಂದೆ ಹೋಗದು.

ಚರಂಡಿ ಎಂಬ ಅಗ್ಗದ ಪದರ

ಕೆರೆಯ ಕೆಳಗಿನ ಕಿಲೋಮೀಟರಿಗೆ ದಿಣ್ಣೆಗಿಂತ ಹೆಚ್ಚಾಗಿ ಬೇಕಾದದ್ದು ಸುಮಾರು 40 ಮಿ.ಮೀ. ದಪ್ಪ. 3.75 ಮೀಟರ್ ಅಗಲಕ್ಕೆ ಇದು 150 ಘನ ಮೀಟರ್. ತೂಕದಲ್ಲಿ ಸುಮಾರು 330 ಟನ್ ಮಿಶ್ರಣ. ನೂರಕ್ಕೆ 3.3ರಂತೆ ಹಿಡಿದರೆ ಅದರೊಳಗೆ ಸುಮಾರು 11 ಟನ್ ಬಿಟುಮೆನ್. ಇಷ್ಟನ್ನು ಬೇಡುತ್ತಿರುವುದು ಬಹುಪಾಲು ಬುಡದಲ್ಲಿ ನಿಂತ ನೀರು.

ಪಕ್ಕದ ಚರಂಡಿಯ ತಳ ಜಲ್ಲಿ ಹಾಸಿನ ತಳಕ್ಕಿಂತ ಕೆಳಗಿದ್ದರೆ ರಸ್ತೆಯ ಹೊಟ್ಟೆಯಲ್ಲಿನ ನೀರು ಹೊರಬರುತ್ತದೆ. ಮಣ್ಣು ಒಣಗಿದಂತೆ ಜಗ್ಗು ಇಳಿಯುತ್ತದೆ. ಒಂದು ಮಳೆಗಾಲಕ್ಕೆ ಮೊದಲು ಚರಂಡಿ, ಮೋರಿಗಳನ್ನು ಸರಿಪಡಿಸಿ, ಮಳೆ ಕಳೆದ ಮೇಲೆ ಮತ್ತೆ ಅಳೆದರೆ ಎಷ್ಟು ದಪ್ಪ ಉಳಿಯಿತೆಂದು ಲೆಕ್ಕವೇ ಹೇಳುತ್ತದೆ. ಜಗ್ಗು 2.50ರಿಂದ 2.10ಕ್ಕೆ ಇಳಿದರೂ ಬೇಕಾದ ಡಾಂಬರು ಪದರ 61ರಿಂದ 40 ಮಿ.ಮೀ.ಗೆ ಇಳಿಯುತ್ತದೆ. ತೋಟದಲ್ಲಿ ಬಸಿಗಾಲುವೆ ಇಲ್ಲದಿದ್ದರೆ ಅಡಿಕೆ ಮರದ ಬೇರು ಕೊಳೆಯುವುದನ್ನು ನಾವು ಬಲ್ಲೆವು. ರಸ್ತೆಯ ಬುಡಕ್ಕೂ ಅದೇ ನ್ಯಾಯ.

ಪದರ ಹಾಕುವಾಗ ನೋಡಬೇಕಾದವು

ಮೊದಲನೆಯದಾಗಿ, ಕೊಳೆತ ಜಾಗವನ್ನು ಮುಚ್ಚಬಾರದು. ಮೊಸಳೆ ಬಿರುಕು ಬಿಟ್ಟು ಹೂತುಹೋದ ಭಾಗವನ್ನು ಗಟ್ಟಿ ನೆಲ ಸಿಗುವವರೆಗೆ ಚೌಕವಾಗಿ ಅಗೆದು, ಜಲ್ಲಿ ತುಂಬಿ, ಅದುಮಿ, ಆಮೇಲೆ ಪದರ ಹಾಕತಕ್ಕದ್ದು.

ಎರಡನೆಯದಾಗಿ, ಹಳ್ಳ ದಿಣ್ಣೆಗಳನ್ನು ಬೇರೆ ಮಿಶ್ರಣದಿಂದ ಮೊದಲೇ ಸಮಮಾಡಬೇಕು. ಇಲ್ಲವಾದರೆ ವಿನ್ಯಾಸದ ದಪ್ಪದಲ್ಲೇ ಹಳ್ಳ ತುಂಬಿ, ದಿಣ್ಣೆಯ ಮೇಲೆ ತೆಳುವಾಗುತ್ತದೆ.

ಮೂರನೆಯದಾಗಿ, ಧೂಳು ಗುಡಿಸಿ, ಹಳೆಯ ಮೈ ಮೇಲೆ ಅಂಟು ಡಾಂಬರನ್ನು ಎರಚಬೇಕು. ಹಳೆಯ ಡಾಂಬರಿನ ಮೈಗೆ ಚದರ ಮೀಟರಿಗೆ 0.2ರಿಂದ 0.3 ಕಿಲೋ ಸಾಕು. ಇದನ್ನು ಬಿಟ್ಟರೆ ಹೊಸ ಪದರ ಚಪಾತಿಯಂತೆ ಸುಲಿದು ಬರುತ್ತದೆ, ಅತಿಯಾದರೆ ಜಾರುತ್ತದೆ.

ನಾಲ್ಕನೆಯದಾಗಿ, ಬಿಸಿ. ವಿ.ಜಿ. 30 ದರ್ಜೆಯ ಬಿಟುಮೆನ್ನಿನ ಮಿಶ್ರಣವನ್ನು 140 ಡಿಗ್ರಿಗಿಂತ ಕಡಿಮೆಯಾಗದಂತೆ ಹಾಸಿ, 90 ಡಿಗ್ರಿಗೆ ಇಳಿಯುವ ಮೊದಲು ರೋಲರಿನ ಕೆಲಸ ಮುಗಿಯಬೇಕು. ದೂರದ ಪ್ಲಾಂಟಿನಿಂದ ತಾಡಪಾಲು ಮುಚ್ಚದೆ ಬಂದ ಲೋಡು ದಾರಿಯಲ್ಲೇ ತಣಿದಿರುತ್ತದೆ. ಸ್ಥಳದಲ್ಲಿ ಒಂದು ಥರ್ಮಾಮೀಟರ್ ಇರಲೇಬೇಕು.

ಐದನೆಯದಾಗಿ, ದಪ್ಪವನ್ನು ರೋಲರ್ ಓಡಿದ ಮೇಲೆ ಅಳೆಯಬೇಕು. ಸಡಿಲ ಮಿಶ್ರಣದ ದಪ್ಪ ಹೆಚ್ಚಾಗಿಯೇ ಕಾಣುತ್ತದೆ.

ಆರನೆಯದಾಗಿ, ರಸ್ತೆಯ ನಡು ಎತ್ತರವಿದ್ದು ಎರಡೂ ಕಡೆಗೆ ನೂರಕ್ಕೆ ಸುಮಾರು 2ರಿಂದ 2.5ರಷ್ಟು ಇಳಿಜಾರು ಇರಬೇಕು. ಪಕ್ಕದ ಮಣ್ಣಿನ ಭುಜಕ್ಕೆ ಇನ್ನೂ ಸ್ವಲ್ಪ ಹೆಚ್ಚು. ಪದರ ಹಾಕಿದ ಮೇಲೆ ಭುಜವನ್ನೂ ಗರಸಿನಿಂದ ಎತ್ತರಿಸದಿದ್ದರೆ ಅಂಚು ಮೊದಲ ಮಳೆಗಾಲಕ್ಕೇ ಮುರಿಯುತ್ತದೆ.

ಪದರದ ಮೇಲೆ ಪದರ ಹಾಕುತ್ತ ಹೋದರೆ ರಸ್ತೆಯ ಮಟ್ಟ ಏರುತ್ತದೆಂಬುದನ್ನೂ ಮರೆಯಬಾರದು. ಊರೊಳಗೆ ಮನೆಗಳ ಹೊಸ್ತಿಲು ತಗ್ಗಾಗಿ ಮಳೆನೀರು ಒಳಗೆ ನುಗ್ಗುತ್ತದೆ. ತೋಟದ ಕಡೆ ರಸ್ತೆಯೇ ಏರಿಯಾಗಿ ನೀರನ್ನು ತಡೆಯುತ್ತದೆ. ಇಂಥ ಕಡೆ ಹಳೆಯ ಪದರವನ್ನು ಯಂತ್ರದಿಂದ ಕೆರೆದು ತೆಗೆದು ಹಾಕುವುದು, ಅಥವಾ ಊರೊಳಗಿನ ತುಂಡಿಗೆ ಕಾಂಕ್ರೀಟು ಮಾಡುವುದು ಉಚಿತ. ಮೋರಿಗಳ ಸಂಖ್ಯೆಯೂ ಸಾಕೇ ಎಂದು ನೋಡಬೇಕು.

ನಾವು ಕೇಳಬೇಕಾದದ್ದು, ನಾವು ಮಾಡಬೇಕಾದದ್ದು

ಗ್ರಾಮಸಭೆಯಲ್ಲಿ ಈ ನಾಲ್ಕು ಮಾತುಗಳನ್ನು ಠರಾವಿನಲ್ಲಿ ಬರೆಸಿರಿ: ರಸ್ತೆಯನ್ನು ಒಣ ಭಾಗ, ತೇವ ಭಾಗಗಳಾಗಿ ವಿಂಗಡಿಸಿ ಅಂದಾಜು ತಯಾರಿಸುವುದು, ಪದರಕ್ಕೆ ಮೊದಲು ಚರಂಡಿ ಮೋರಿಗಳ ಕೆಲಸ, ಮಳೆ ನಿಂತ ಮೇಲಿನ ಜಗ್ಗಿನ ಅಳತೆ, ಅಂದಾಜು ಪಟ್ಟಿಯ ಪ್ರತಿಯನ್ನು ಪಂಚಾಯತಿ ಕಚೇರಿಯಲ್ಲಿ ಎಲ್ಲರೂ ನೋಡುವಂತೆ ಇಡುವುದು. ಪ್ರತಿ ಸಿಗದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಂತೆ ಅರ್ಜಿ ಕೊಡಬಹುದು. ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯ ರಸ್ತೆಯಾದರೆ ಕಟ್ಟಿದ ಗುತ್ತಿಗೆದಾರನೇ ಐದು ವರ್ಷ ನಿರ್ವಹಣೆ ಮಾಡಬೇಕೆಂಬ ಷರತ್ತು ಇದೆ. ನಾಮಫಲಕದ ಮೇಲಿನ ತಾರೀಖನ್ನು ಓದಿ ಇಟ್ಟುಕೊಳ್ಳಿರಿ.

ಕೇಳುವವನ ಕೈಯೂ ಶುದ್ಧವಾಗಿರಬೇಕು. ತೋಟಕ್ಕೆ ಎರಡು ಸಾಲು ಸಸಿ ಹೆಚ್ಚು ಸಿಗಲೆಂದು ರಸ್ತೆಯ ಚರಂಡಿಯನ್ನು ಮುಚ್ಚಿದವರು ನಮ್ಮಲ್ಲಿದ್ದಾರೆ. ನೀರಿನ ಪೈಪಿಗಾಗಿ ರಸ್ತೆಯನ್ನು ಅಡ್ಡ ಸೀಳಿ, ಮಣ್ಣು ಎಳೆದು ಬಿಟ್ಟವರಿದ್ದಾರೆ. ಪೈಪನ್ನು ಮೋರಿಯೊಳಗಿಂದ ದಾಟಿಸಬಹುದಿತ್ತು. ಗದ್ದೆ ಉಳುವ ಕಬ್ಬಿಣದ ಚಕ್ರದ ಟ್ರ್ಯಾಕ್ಟರನ್ನು ಡಾಂಬರಿನ ಮೇಲೆ ಓಡಿಸುವುದು, ರಸ್ತೆಯ ಮೇಲೆ ರಾಗಿ ಹುರುಳಿ ಒಕ್ಕಲು ಹಾಕುವುದು, ತೋಟದ ಹೆಚ್ಚುವರಿ ನೀರನ್ನು ರಸ್ತೆಗೆ ಬಿಡುವುದು, ಇವೆಲ್ಲ ನಿಲ್ಲಬೇಕು. ಗೋಡು ಹೊಡೆಸುವವರು ಟಿಪ್ಪರಿಗೆ ಮಿತಿ ಮೀರಿ ತುಂಬಿಸದೆ, ಮಳೆ ಕಳೆದು ರಸ್ತೆಯ ಬುಡ ಆರಿದ ಮೇಲೆ ಕೆಲಸ ಇಟ್ಟುಕೊಂಡರೆ ಅದೇ ದೊಡ್ಡ ಉಪಕಾರ.

ಅಭ್ಯಾಸದ ಪ್ರಶ್ನೆಗಳು

1. ಒಂದು ಭಾಗದ ಸರಾಸರಿ ಜಗ್ಗು 1.95, ಏರುಪೇರು 0.15 ಮಿ.ಮೀ. ಒಪ್ಪಬಹುದಾದ ಜಗ್ಗು 1.50. ಡಾಂಬರು ಪದರದ ದಪ್ಪವೆಷ್ಟು?

2. ಅಚ್ಚಿನ ಭಾರ ಪ್ರಮಾಣ ಅಚ್ಚಿನ ಒಂದೂವರೆಯಷ್ಟಿದ್ದರೆ ಹಾನಿ ಎಷ್ಟು ಪಟ್ಟು?

3. ನಿಮ್ಮ ರಸ್ತೆಯಲ್ಲಿ ಪ್ರತಿ ವರ್ಷ ಗುಂಡಿ ಬೀಳುವ ಮೂರು ಜಾಗಗಳನ್ನು ಗುರುತಿಸಿ, ಅಲ್ಲಿಯ ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗಬೇಕೆಂದು ಒಂದು ಹಾಳೆಯಲ್ಲಿ ನಕ್ಷೆ ಬರೆಯಿರಿ.

ಉತ್ತರ: ಮೊದಲನೆಯದಕ್ಕೆ 40 ಮಿ.ಮೀ.; ಎರಡನೆಯದಕ್ಕೆ ಸುಮಾರು 5 ಪಟ್ಟು. ಮೂರನೆಯದರ ಉತ್ತರ ನಿಮ್ಮ ಊರಿನಲ್ಲಿದೆ. ಆ ಹಾಳೆಗಳನ್ನು ಸಂಘದ ಕಚೇರಿಗೆ ತಲುಪಿಸಿದರೆ ಎಲ್ಲವನ್ನೂ ಒಟ್ಟುಗೂಡಿಸಿ, ಕಾಮಗಾರಿ ಪಟ್ಟಿ ಮುಗಿಯುವ ಮೊದಲೇ ಸಂಬಂಧಪಟ್ಟ ಎಂಜಿನಿಯರರ ಮುಂದೆ ಇಡುತ್ತೇವೆ.